ಬಾನೆಟ್ ಮೇಲಿನ ರಕ್ತದ ಚೀಲ

ಹೋದ ತಿಂಗಳು ಸುರಪುರದ ಒಂದು ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆಂದು ಹೋಗಿದ್ದೆ. ಅಲ್ಲಿದ್ದ ಹುಡುಗಿ ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಹತ್ತಿಗೆ ಸ್ಪಿರಿಟ್ ಹಾಕಿ ಮೊಣಕೈ ಒಳಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸಿಟ್ಟು ಬಂತು. ಆ ಹುಡುಗಿಯ ಮೇಲಲ್ಲ. ನಾನು ಹೇಳಹೊರಟಿರುವ ಸಂಗತಿ ನಡೆದಾಗ ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಿರಬೇಕು. ಆದರೂ ಕೇಳಿಯೇ ಬಿಟ್ಟೆ: ರಕ್ತ ತುಂಬುವ ಈ ನಳಿಗೆ ಇಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವಾಗ ಹೋಗುತ್ತದೆ, ಅಲ್ಲಿಯತನಕ ಇದನ್ನು ಎಲ್ಲಿ ಇಡುತ್ತೀರಿ. ಅವಳು ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ರಕ್ತ ಕೊಡಲು ಬಂದವರು ಯಾರೂ ತನ್ನನ್ನು ಹೀಗೆ ಕೇಳಿಲ್ಲ ಎಂದಳು. ಇದನ್ನು ಕೇಳಲು ನಾನು ಎಲ್ಲಿ ಕಲಿತೆ ಎಂದು ಅವಳಿಗೆ ಅಲ್ಲಿ ನಿಂತು ಹೇಳುವುದು ಆಗುತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಯಾದಗಿರಿ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಗೋಗಿಯ ಹೈಸ್ಕೂಲಿನಲ್ಲಿ ಟೀಚರ್. ಶಹಾಪುರದಲ್ಲಿ ಬಾಡಿಗೆ ಮನೆ, ದಿನಾ ಟಂಟಂ ಆಟೋ ಹತ್ತಿ ಹೋಗಿಬರುವುದು. ನನ್ನ ಹಿಂದೆ ಮುಂದೆ ಅಂತ ಇದ್ದವಳು ಒಬ್ಬಳೇ, ದೊಡ್ಡವ್ವ ಭೀಮವ್ವ, ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡಾಗ ನಾನು ಇನ್ನೂ ಅಕ್ಷರ ಕಲಿಯದ ಕೂಸು. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಕಂಡವರ ಹೊಲದಲ್ಲಿ ದುಡಿದು ನನ್ನನ್ನು ಟೀಚರ್ ಟ್ರೇನಿಂಗ್ ತನಕ ಓದಿಸಿದಳು. ಅವಳ ಮನೆ ವನದುರ್ಗದಲ್ಲಿ, ಕೋಟೆಯ ಬುಡದಿಂದ ಸ್ವಲ್ಪ ದೂರ ನಮ್ಮ ಓಣಿಯಲ್ಲಿ. ಒಂದೇ ಕೋಣೆ, ಗೋಡೆಗೆ ಬುದ್ಧನ ಫೋಟೋ, ಹೊರಗೆ ಬೇವಿನ ಗಿಡ. ನೌಕರಿ ಸಿಕ್ಕ ಮೇಲೆ ಶಹಾಪುರಕ್ಕೆ ಬಂದು ನನ್ನ ಜೊತೆಗಿರು ಎಂದು ಎಷ್ಟು ಸಲ ಕರೆದರೂ ಅವಳು ಬರಲಿಲ್ಲ. ತನ್ನ ಗುಂಪನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದಳು.

ಗುಂಪು ಎಂದರೆ ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪು. ಕೃಷ್ಣೆಯ ಕಾಲುವೆ ಬರುವುದಕ್ಕೆ ಮುಂಚೆ ನಮ್ಮ ಕಡೆ ಜೋಳ, ತೊಗರಿ, ಶೇಂಗಾ ಬಿಟ್ಟರೆ ಬೇರೆ ಬೆಳೆ ಕಂಡವರಿಲ್ಲ. ನೀರು ಬಂದದ್ದೇ ಬಂತು, ಎರಿಹೊಲವೆಲ್ಲ ಗದ್ದೆಯಾಯಿತು. ಮೊದಮೊದಲು ನಾಟಿಗೆ ಆಂಧ್ರದ ಕಡೆಯಿಂದ ಆಳು ಬರುತ್ತಿದ್ದರು. ದೊಡ್ಡವ್ವ ಅವರ ಪಕ್ಕದಲ್ಲಿ ನಿಂತು ಕೈಚಳಕ ಕಲಿತಳು, ಓಣಿಯ ಹೆಂಗಸರಿಗೂ ಕಲಿಸಿದಳು. ಆಮೇಲೆ ಸುತ್ತಲಿನ ರೈತರು ಭೀಮವ್ವನ ಗುಂಪು ಬಂದರೇ ಸರಿ ಎನ್ನುವಂತಾಯಿತು. ಬಾಗಿದ ಬೆನ್ನು ಎತ್ತದೆ, ಮೊಣಕಾಲುದ್ದ ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಅವಳು ಸಸಿ ಊರುವುದನ್ನು ನೋಡಿದರೆ, ಅವಳ ಕಾಲಿಗೂ ಕಣ್ಣಿವೆಯೇನೋ ಅನಿಸುತ್ತಿತ್ತು.

ಗದ್ದೆ ಬಂದಮೇಲೆ ಊಟವೂ ಬದಲಾಯಿತು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ಮೂರು ಹೊತ್ತೂ ಆಯಿತು, ರೊಟ್ಟಿ ಬಡಿಯುವ ಸಪ್ಪಳ ಓಣಿಯಲ್ಲಿ ಕಡಿಮೆಯಾಯಿತು. ಅದೇ ಕಾರಣವೋ ಅಲ್ಲವೋ ನನಗೆ ಗೊತ್ತಿಲ್ಲ. ಸಾವುಕಾರರ ಬೇನೆ ಎಂದು ನಾವು ನಗುತ್ತಿದ್ದ ಸಕ್ಕರೆ ಬೇನೆ ಕೂಲಿ ಮಾಡುವವರ ಮನೆಗೂ ಬಂತು. ದೊಡ್ಡವ್ವನಿಗೂ ಬಂತು. ಶಹಾಪುರದ ಸರ್ಕಾರಿ ದವಾಖಾನೆಯಲ್ಲಿ ಗೊತ್ತಾದದ್ದು. ಅವಳು ಹೆದರಲಿಲ್ಲ. ಗುಳಿಗೆ ಬರೆದುಕೊಟ್ಟರು, ನುಂಗಿದಳು. ಅನ್ನ ಬಿಡು ಎಂದರು, ಮತ್ತೆ ಜೋಳದ ಹಿಟ್ಟು ನಾದಿದಳು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದದ್ದು ಮಾತ್ರ ಅವಳಿಗೆ ಕಷ್ಟವಾಯಿತು. ದವಾಖಾನೆಗೆ ಹೋಗಿ ಪಾಳಿಯಲ್ಲಿ ನಿಂತರೆ ಒಂದು ದಿನದ ಕೆಲಸ ಹೋಗುತ್ತದೆ, ನಾಟಿಯ ದಿನಗಳಲ್ಲಿ ಗುಂಪೇ ನಿಲ್ಲುತ್ತದೆ.

ಆ ಹೊತ್ತಿಗೆ ಶರಣಪ್ಪ ಬಂದ. ನಲವತ್ತರ ಆಸುಪಾಸಿನ ಮನುಷ್ಯ. ಮೊದಲು ಬೀಜ, ಬೆಳೆಗೆ ಹೊಡೆಯುವ ಎಣ್ಣಿ ಮಾರುವ ಕಂಪನಿಗೆ ಹಳ್ಳಿ ಸುತ್ತುತ್ತಿದ್ದವನು, ಈಗ ಯಾದಗಿರಿಯ ಒಂದು ಖಾಸಗಿ ಲ್ಯಾಬಿಗೆ ರಕ್ತ ಸಂಗ್ರಹಿಸುತ್ತಿದ್ದ. ಸೂಜಿ ಚುಚ್ಚುವುದನ್ನು ಎಲ್ಲೋ ಕಲಿತಿದ್ದ, ಕೈ ಹಗುರವಿತ್ತು. ಹೊತ್ತು ಮೂಡುವಾಗ ಮನೆ ಬಾಗಿಲಿಗೆ ಬಂದು ರಕ್ತ ತೆಗೆದುಕೊಂಡು ಹೋದರೆ ಮರುದಿನ ರಿಪೋರ್ಟ್ ಕೈಗೆ. ಯಾರದೂ ಕೆಲಸ ಕೆಡುವಂತಿಲ್ಲ. ನಮ್ಮ ಓಣಿಯವರು ಅವನನ್ನು ನಂಬಲು ಇನ್ನೊಂದು ಕಾರಣವಿತ್ತು. ಅವನು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿಯುತ್ತಿದ್ದ. ಊರೊಳಗಿನ ಎಷ್ಟೋ ಮಂದಿ ಅದನ್ನು ಆಗಲೂ ಮಾಡುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವಾಗ ಬಂದ ಮೊದಲ ರಿಪೋರ್ಟಿನಲ್ಲಿ ದೊಡ್ಡವ್ವನ ಸಕ್ಕರೆ ಇಳಿದಿತ್ತು. ಅವಳಿಗೆ ಆದ ಸಂತೋಷ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ರೊಟ್ಟಿ ಗೆದ್ದಿತು ಎಂದಳು. ಶಹಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಡಾಕ್ಟರ ಕ್ಲಿನಿಕ್ಕಿತ್ತು. ಅವರು ರಿಪೋರ್ಟ್ ನೋಡಿ ಗುಳಿಗೆ ಅರ್ಧಕ್ಕೆ ಇಳಿಸಿದರು. ಮುಂದಿನ ತಿಂಗಳು ಅದಕ್ಕಿಂತ ಕಡಿಮೆ ಬಂತು. ಸಕ್ಕರೆ ತೀರಾ ಇಳಿದರೆ ತಲೆ ತಿರುಗಿ ಬೀಳುತ್ತೀ ಎಂದು ಹೇಳಿ ಗುಳಿಗೆ ನಿಲ್ಲಿಸಿಯೇ ಬಿಟ್ಟರು. ಅವರು ನೋಡಿದ್ದು ಕಾಗದ. ಎದುರಿಗೆ ಕೂತ ಹೆಂಗಸಿನ ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿತ್ತು, ಅದನ್ನು ನೋಡಲಿಲ್ಲ. ನಾನು ನೋಡಿ ಕೇಳಿದರೆ ದೊಡ್ಡವ್ವ ನನ್ನನ್ನೇ ಗದರುತ್ತಿದ್ದಳು. ಬೇಸಿಗೆಯಲ್ಲಿ ನೀರಡಿಕೆ ಆಗದೆ ಮಳೆಗಾಲದಲ್ಲಿ ಆಗುತ್ತದೇನು, ರಿಪೋರ್ಟ್ ಓದಲು ಬರುವವಳು ನೀನೇ ಅಲ್ಲವೇನು ಎಂದು ಕೇಳುತ್ತಿದ್ದಳು.

ಬೇಸಿಗೆ ಭತ್ತದ ಕೊಯ್ಲಿಗೆ ಯಂತ್ರ ಬಂದಿತ್ತು. ಯಂತ್ರ ತಿರುಗಲಾಗದ ಮೂಲೆಗಳನ್ನು ಕುಡುಗೋಲಿನಿಂದ ಕೊಯ್ಯಬೇಕಾಗುತ್ತಿತ್ತು. ಹಾಗೆ ಕೊಯ್ಯುವಾಗ ದೊಡ್ಡವ್ವನ ಬಲಗಾಲಿಗೆ, ಹೆಬ್ಬೆರಳ ಬುಡದಲ್ಲಿ, ಭತ್ತದ ಕೂಳೆ ಚುಚ್ಚಿತು. ಅವಳಿಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದವಳು ರಕ್ತದ ಹೆಜ್ಜೆ ನೋಡಿ ಕೂಗಿದಾಗ ಕಾಲೆತ್ತಿ ನೋಡಿಕೊಂಡಳಂತೆ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಗಾಯ ಮಾಯಲಿಲ್ಲ. ಕೀವಾಯಿತು. ಶರಣಪ್ಪ ಮತ್ತೆ ಬಂದು ರಕ್ತ ತೆಗೆದುಕೊಂಡು ಹೋದ. ರಿಪೋರ್ಟ್ ಮತ್ತೆ ಸರಿಯಾಗಿಯೇ ಬಂತು. ಸಕ್ಕರೆ ಇಲ್ಲ, ಹಾಗಾದರೆ ಇದು ಬರೀ ಗಾಯ ಎಂದು ಎಲ್ಲರೂ ತಿಳಿದರು. ನಾನು ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಮುಗಿಸಿ ಊರಿಗೆ ಹೋದಾಗ ಹೆಬ್ಬೆರಳು ಕಪ್ಪಾಗಿತ್ತು. ಕೋಣೆಗೆ ಕಾಲಿಡುತ್ತಲೇ ವಾಸನೆ ಬಂತು.

ಅವಳು ಬೇಡವೆಂದರೂ ಕೇಳದೆ ಟಂಟಂ ಮಾಡಿಕೊಂಡು ಸರ್ಕಾರಿ ದವಾಖಾನೆಗೆ ಕರೆತಂದೆ. ಅಲ್ಲಿದ್ದ ಡಾಕ್ಟರಮ್ಮ ರಾಯಚೂರು ಕಡೆಯವರು, ಮಾತು ಕಡಿಮೆ. ಕಾಲು ನೋಡಿದವರೇ ರಕ್ತ ತೆಗೆಸಿ ಪಕ್ಕದ ಕೋಣೆಯಲ್ಲಿ ಆಗಿಂದಾಗಲೇ ಪರೀಕ್ಷೆ ಮಾಡಿಸಿದರು. ಬಂದ ಅಂಕಿಯನ್ನು ಅವರು ಎರಡು ಸಲ ಓದಿದರು. ನಾನು ಆ ವಾರವಷ್ಟೇ ಬಂದಿದ್ದ ಖಾಸಗಿ ಲ್ಯಾಬಿನ ರಿಪೋರ್ಟ್ ಅವರ ಮುಂದಿಟ್ಟೆ. ಒಂದೇ ಹೆಂಗಸು, ಒಂದೇ ವಾರ. ಒಂದರಲ್ಲಿ ಅವಳಿಗೆ ರೋಗವೇ ಇಲ್ಲ, ಇನ್ನೊಂದರಲ್ಲಿ ಅವಳು ಇನ್ನೂ ಎದ್ದು ಕೂತಿರುವುದೇ ಆಶ್ಚರ್ಯ. ರಕ್ತವನ್ನು ಎಷ್ಟೊತ್ತಿಗೆ ತೆಗೆಯುತ್ತಾರೆ, ಹೇಗೆ ಒಯ್ಯುತ್ತಾರೆ ಎಂದು ಕೇಳಿದರು. ಬೆಳಿಗ್ಗೆ ತೆಗೆದು ಚೀಲದಲ್ಲಿ ಹಾಕಿಕೊಂಡು ಯಾದಗಿರಿಗೆ ಹೋಗುತ್ತಾನೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ರಕ್ತ ಮೈಯಿಂದ ಹೊರಗ ಬಂದ್ರೂ ಕೂಡ್ಲೇ ಸಾಯಂಗಿಲ್ರಿ. ಅದರೊಳಗಿನ ಕಣ ಸಕ್ರಿ ತಿನ್ಕೋತ ಇರ್ತಾವ. ಬಿಸಿಲಾಗ ಇಟ್ರ ಇನ್ನೂ ಜೋರ್ ತಿಂತಾವ. ಅದನ್ನ ತಡಿಯಾಕ ಔಷಧ ಹಾಕಿದ ಬ್ಯಾರೆ ನಳಿಗಿ ಬರ್ತದ, ಬೂದಿ ಬಣ್ಣದ ಮುಚ್ಚಳದ್ದು. ಬರಫಿನಾಗ, ಐಸಿನಾಗ ಒಯ್ಯಬೇಕು. ಇಲ್ಲಂದ್ರ ಲಗೂನ ರಕ್ತದ ನೀರು ಬ್ಯಾರೆ, ಕಣ ಬ್ಯಾರೆ ಮಾಡ್ಬೇಕು. ನಿಮ್ಮ ದೊಡ್ಡವ್ವನ ಸಕ್ರಿ ಇಳಿದಿದ್ದು ಮೈಯಾಗ ಅಲ್ರಿ ಟೀಚರ್, ನಳಿಗ್ಯಾಗ.”

ನನಗೆ ಕೂಡಲೇ ಏನೂ ಹೊಳೆಯಲಿಲ್ಲ. ಹೊಳೆದಾಗ ಮೈಯೆಲ್ಲ ಬೆಂಕಿಯಾಯಿತು. ದೊಡ್ಡವ್ವ ಗುಳಿಗೆ ಬಿಟ್ಟದ್ದು ಒಂದು ಬಿಸಿಯಾದ ನಳಿಗೆಯ ಮಾತು ಕೇಳಿ. ಇದನ್ನೇ ಬರೆದುಕೊಡಿ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಕಿಟಕಿ ಕಡೆ ನೋಡಿದರು. ಇನ್ನೊಂದು ಲ್ಯಾಬಿನ ಬಗ್ಗೆ ತಾವು ಬರೆಯಲು ಬರುವುದಿಲ್ಲ, ಬೂದಿ ಮುಚ್ಚಳದ ನಳಿಗೆ ತಮ್ಮ ದವಾಖಾನೆಗೂ ಕೆಲವು ತಿಂಗಳು ಬರುವುದಿಲ್ಲ, ಅದಕ್ಕೇ ತಾವು ನಿಂತ ಕಾಲ ಮೇಲೆ ಪರೀಕ್ಷೆ ಮಾಡಿಸುವುದು ಎಂದರು. ಆದರೆ ಇನ್ನೊಂದು ಕೆಲಸ ಮಾಡಿದರು. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಬೇರೊಂದು ಪರೀಕ್ಷೆಗೆ ರಕ್ತ ತೆಗೆಸಿ, ಬರಫ್ ತುಂಬಿದ ಡಬ್ಬಿಯಲ್ಲಿಟ್ಟು, ದೊಡ್ಡವ್ವನನ್ನು ಕಲಬುರಗಿಗೆ ಒಯ್ಯುವ ಆ್ಯಂಬುಲೆನ್ಸಿನಲ್ಲೇ ಕಳಿಸಿದರು. ದಾರಿಯುದ್ದಕ್ಕೂ ಆ ಡಬ್ಬಿ ನನ್ನ ಮಡಿಲಲ್ಲಿತ್ತು.

ಕಲಬುರಗಿಯ ಡಾಕ್ಟರುಗಳು ಮೊದಲು ಬೆರಳು ತೆಗೆದರು. ನಂಜು ನಿಲ್ಲಲಿಲ್ಲ. ಆಮೇಲೆ ಮೊಣಕಾಲ ಕೆಳಗೆ ತೆಗೆದರು. ಆ ನಡುವೆ ಮೂರು ತಿಂಗಳ ಲೆಕ್ಕವೂ ಬಂತು. ರಿಪೋರ್ಟುಗಳು ಚೆನ್ನಾಗಿವೆ ಎಂದು ನಾವು ನಗುತ್ತಿದ್ದ ಆ ಇಡೀ ಬೇಸಿಗೆ ಅವಳ ಸಕ್ಕರೆ ಮೇಲೆಯೇ ಇತ್ತು. ದೊಡ್ಡವ್ವನಿಗೆ ಎಚ್ಚರವಾದಾಗ ಹೊದಿಕೆಯ ಮೇಲೆ ಕೈಯಾಡಿಸಿ, ಹೊದಿಕೆ ತಟ್ಟನೆ ಕೆಳಗಿಳಿಯುವ ಜಾಗಕ್ಕೆ ಬಂದು ಕೈ ನಿಲ್ಲಿಸಿದಳು. ಅಳಲಿಲ್ಲ. ನಾಟಿ ಯಾವಾಗ ಶುರು ಎಂದು ಕೇಳಿದಳು. ನಾನು ವರಾಂಡಕ್ಕೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತೆ.

ಶಾಲೆ ಶುರುವಾಯಿತು. ಗುಂಪಿನ ಹೆಂಗಸರು ಪಾಳಿ ಹಚ್ಚಿಕೊಂಡು ಕಲಬುರಗಿಯಲ್ಲಿ ಅವಳ ಹತ್ತಿರ ಉಳಿದರು. ಅವಳ ಬಟ್ಟೆ ತರಲೆಂದು ಒಂದು ರವಿವಾರ ವನದುರ್ಗಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ನಮ್ಮ ಓಣಿಯಲ್ಲೇ ಶರಣಪ್ಪನ ಸ್ಕೂಟರ್ ನಿಂತಿತ್ತು. ಎದುರು ಮನೆಯವಳು ತೋಳು ಚಾಚಿ ಕೂತಿದ್ದಳು. ನಳಿಗೆಯ ಸಂಗತಿ ಓಣಿಯವರಿಗೆ ನಾನಿನ್ನೂ ಹೇಳಿರಲಿಲ್ಲ. ಅವನು ನಳಿಗೆಗೆ ಚೀಟಿ ಅಂಟಿಸಿ ರೆಗ್ಜಿನ್ ಚೀಲಕ್ಕೆ ಹಾಕಿ, ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿದ. ನನಗೆ ಜಗಳಾಡಬೇಕು ಅನಿಸಿತು. ಆಡಲಿಲ್ಲ. ಆ ಚೀಲ ಎಲ್ಲೆಲ್ಲಿ ಹೋಗುತ್ತದೆ ನೋಡೋಣ ಎಂದು ಶಾಲೆಗೆ ರಜೆ ಹೇಳಿ ಅದರ ಬೆನ್ನು ಹತ್ತಿದೆ.

ಅವನು ಹಳ್ಳಿ ಹಳ್ಳಿ ತಿರುಗಿ ಶಹಾಪುರ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಯಾದಗಿರಿ ಬಸ್ಸಿಗೆ ಅವನು ಅಲ್ಲಿಗೇ ಬರಬೇಕೆಂದು ನಾನು ಮೊದಲೇ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದೆ. ಚಹಾದಂಗಡಿಯ ಬೆಂಚಿನ ಮೇಲೆ, ಬಿಸಿಲಿಗೆ ಚೀಲ ಇಟ್ಟು ಅವನು ತಿಂಡಿ ತಿಂದ. ಸ್ಕೂಟರ್ ಅಲ್ಲೇ ಬಿಟ್ಟು ಯಾದಗಿರಿ ಬಸ್ ಹತ್ತಿದ. ನಾನೂ ಹತ್ತಿದೆ. ಬಸ್ ತುಂಬಿತ್ತು. ಡ್ರೈವರ್ ಪಕ್ಕದ ಎಂಜಿನ್ನಿನ ಬಾನೆಟ್ ಮೇಲೆ ಜಾಗ ಕಂಡು ಅವನು ಚೀಲವನ್ನು ಅಲ್ಲಿಟ್ಟ. ಆ ಬಾನೆಟ್ ಮೇಲೆ ಕೂತವರು ಸೀರೆ ಮಡಚಿ ಅಡಿಗೆ ಹಾಕಿಕೊಳ್ಳುತ್ತಾರೆ, ಅಷ್ಟು ಸುಡುತ್ತದೆ. ಮಳೆ ಇನ್ನೂ ಬಿದ್ದಿರಲಿಲ್ಲ. ಕಿಟಕಿಯಿಂದ ಬರುವ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗಿತ್ತು. ನಡುವೆ ಬಸ್ ಎಲ್ಲೋ ನಿಂತು ತಡವಾಯಿತು. ಎಂಜಿನ್ ಗುರುಗುಡುತ್ತಲೇ ಇತ್ತು, ಅದರ ಮೇಲೆ ಚೀಲ ನಡುಗುತ್ತಲೇ ಇತ್ತು. ನಮ್ಮ ಓಣಿಯವರ ರಕ್ತ, ಇನ್ಯಾವ್ಯಾವ ಊರಿನವರ ರಕ್ತ, ಎಲ್ಲ ಅಲ್ಲಿ ಬೇಯುತ್ತಿತ್ತು. ಭೀಮಾ ನದಿ ದಾಟುವ ಹೊತ್ತಿಗೆ ನಾನು ನಿಂತ ಜಾಗದಿಂದ ಸರಿದು ಅವನ ಹತ್ತಿರ ಹೋದೆ.

ದೊಡ್ಡವ್ವನ ಕಾಲು ಹೋಯಿತು ಎಂದು ಹೇಳಿದೆ. ದವಾಖಾನೆಯಲ್ಲಿದ್ದಾಳೆ ಎಂದಷ್ಟೇ ಅವನು ಓಣಿಯಲ್ಲಿ ಕೇಳಿದ್ದ. ಮುಖ ಸಪ್ಪಗಾಯಿತು. ಯಾಕೆ ಎಂದು ಕೇಳಿದ. ನಾನು ಬಾನೆಟ್ ಕಡೆ ಕೈ ತೋರಿಸಿದೆ. ಡಾಕ್ಟರಮ್ಮ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ. ಅವನು ಬಾನೆಟ್ ಮುಟ್ಟಿ ನೋಡಿ ಕೈ ಹಿಂತೆಗೆದ. ಆಮೇಲೆ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. “ನನಗ ಸೂಜಿ ಚುಚ್ಚೂದು ಕಲಿಸ್ಯಾರ್ರಿ ಟೀಚರ್, ಇದನ್ನ ಯಾರೂ ಹೇಳಿಲ್ಲ” ಎಂದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಹಾಗಂತ ಅವನು ಹೇಳಿದ್ದು ಸುಳ್ಳೂ ಅಲ್ಲ.

ಯಾದಗಿರಿಯಲ್ಲಿ ಇಳಿದು ಅವನ ಜೊತೆಗೇ ಲ್ಯಾಬಿಗೆ ಹೋದೆ. ಲ್ಯಾಬಿನ ಮಾಲೀಕರು ತಣ್ಣಗಿನ ಕೋಣೆಯಲ್ಲಿ ಕೂತಿದ್ದರು. ಯಂತ್ರಕ್ಕೆ ತಂಪು ಬೇಕಂತೆ, ಅದಕ್ಕೆ ಏಸಿ. ನಾನು ಟೀಚರ್ ಎಂದು ತಿಳಿದು ಕುರ್ಚಿ ಕೊಟ್ಟರು, ಚಹಾ ತರಿಸುತ್ತೇನೆ ಎಂದರು. ನಾನು ಕೂರಲಿಲ್ಲ. ಎಲ್ಲ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, ತಮ್ಮದು ಜರ್ಮನಿಯ ಮಷೀನು, ಅದು ಸುಳ್ಳು ಹೇಳುವುದಿಲ್ಲ ಎಂದರು. ಹೊಲದಲ್ಲಿ ದುಡಿಯುವ ಮಂದಿ ಗುಳಿಗೆ ಸರಿಯಾಗಿ ನುಂಗುವುದಿಲ್ಲ, ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಆಮೇಲೆ ಲ್ಯಾಬಿನ ಮೇಲೆ ಬರುತ್ತಾರೆ ಎಂದೂ ಹೇಳಿದರು. ಶರಣಪ್ಪನ ಚೀಲದಿಂದ ಒಂದು ನಳಿಗೆ ತೆಗೆದು ಅವರ ಅಂಗೈ ಮೇಲಿಟ್ಟೆ. ಬಿಸಿಗೆ ಅವರು ಥಟ್ಟನೆ ಅದನ್ನು ಮೇಜಿನ ಮೇಲೆ ಬಿಟ್ಟರು.

“ಮಷೀನ್ ಸುಳ್ಳು ಹೇಳಿಲ್ರಿ,” ಎಂದೆ. “ಸುಳ್ಳು ಈ ಚೀಲದಾಗ ಕುಂತು ಬಂದದ.”

ಅಷ್ಟರಲ್ಲಿ ಇನ್ನೊಬ್ಬ ಒಳಗೆ ಬಂದ. ಅವನ ಕೈಯಲ್ಲಿ ಬಿಳಿ ಡಬ್ಬಿ, ಅದರೊಳಗೆ ಬರಫಿನ ಚೀಲಗಳ ನಡುವೆ ಬೂದಿ ಮುಚ್ಚಳದ ನಳಿಗೆಗಳು ಸಾಲಾಗಿ ನಿಂತಿದ್ದವು. ಎಲ್ಲಿಂದ ಬಂತು ಎಂದು ಕೇಳಿದೆ. ಯಾದಗಿರಿಯ ದೊಡ್ಡ ಅಂಗಡಿಯವರ, ಆಫೀಸರುಗಳ ಮನೆಗಳಿಂದ ಎಂದ. ಅಲ್ಲಿಯವರೆಗೆ ನನಗೆ ಬಂದಿದ್ದ ಸಿಟ್ಟು ಸಿಟ್ಟೇ ಅಲ್ಲ. ಇವರಿಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೆ. ಗೊತ್ತಿತ್ತು. ಡಬ್ಬಿ ಇತ್ತು, ಬರಫ್ ಇತ್ತು, ನಳಿಗೆ ಇತ್ತು. ನಮ್ಮ ಓಣಿಯ ತನಕ ಅವು ಬರಲಿಲ್ಲ, ಅಷ್ಟೆ.

ಮಾಲೀಕರು ಡಬ್ಬಿಯನ್ನೂ ನನ್ನನ್ನೂ ನೋಡಿದರು. “ಹಳ್ಳಿಗೆ ಡಬ್ಬಿ ಕಳಿಸಿದ್ರ ನಮಗ ಪೂರೈಸಂಗಿಲ್ರಿ. ನಿಮ್ಮ ಮಂದಿ ಕಡಿಮಿ ರೇಟ್ ಕೇಳ್ತಾರ. ಕಡಿಮಿ ರೇಟಿಗೆ ಇಷ್ಟ ಆಗ್ತದ.”

ನಿಮ್ಮ ಮಂದಿ ಅಂದರೆ ಯಾರು ಎಂದು ಕೇಳಿದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು. ಶರಣಪ್ಪ ತನ್ನ ಚೀಲವನ್ನು ಮಾಲೀಕರ ಮೇಜಿನ ಮೇಲಿಟ್ಟು ಹೊರಗೆ ನಡೆದ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಜಿಲ್ಲೆಯ ಆರೋಗ್ಯ ಇಲಾಖೆಗೆ ದೂರು ಕೊಟ್ಟೆ. ವಿಚಾರಣೆಗೆ ಬರುತ್ತಾರೆ ಎಂದು ಕಾದು ಕಾದು, ಕಾಲುವೆಗೆ ನೀರು ಬಿಟ್ಟು, ನಾಟಿ ಶುರುವಾಗಿ, ದೊಡ್ಡವ್ವ ಮನೆಗೆ ಬಂದು ಕೋಲು ಹಿಡಿದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ವನದುರ್ಗಕ್ಕೆ ಬಂದರು. ಲ್ಯಾಬಿಗೆ ಮೊದಲು ಹೋಗಿಬಂದಿದ್ದರಂತೆ. ಹೋಗುವ ದಿನ ಅಲ್ಲಿಯವರಿಗೆ ಮುಂಚೆಯೇ ತಿಳಿದಿರಬೇಕು. ಎಲ್ಲ ಕಡೆಯಿಂದಲೂ ಬರಫಿನ ಡಬ್ಬಿಯಲ್ಲೇ ರಕ್ತ ಬರುತ್ತಿತ್ತು, ಯಾವ ದೋಷವೂ ಕಾಣಲಿಲ್ಲ ಎಂದರು. ಕಟ್ಟೆಯ ಮೇಲೆ ಕೂತು ದೊಡ್ಡವ್ವನ ಹಳೆಯ ರಿಪೋರ್ಟುಗಳನ್ನು ತಿರುವಿಹಾಕಿ, ಇವುಗಳ ಪ್ರಕಾರ ಎಲ್ಲ ಸರಿಯಾಗಿ, ಬರೋಬ್ಬರಿ ಇದೆಯಲ್ಲಮ್ಮ, ಇದರ ಮೇಲೆ ನಾವು ಏನು ಬರೆಯುವುದು ಎಂದು ಕೇಳಿದರು. ನಾನು ಬಾಯಿ ತೆರೆದೆ. ದೊಡ್ಡವ್ವ ಕೈಯೆತ್ತಿ ನನ್ನನ್ನು ತಡೆದಳು. ಬಾಗಿಲ ಚೌಕಟ್ಟು ಹಿಡಿದು, ಒಂದೇ ಕಾಲ ಮೇಲೆ ಎದ್ದು ನಿಂತಳು.

“ರಿಪೋರ್ಟ್ ಬರೋಬ್ಬರಿ ಅದ ಅಂದ್ರ ಅದನ್ನ ನೆಲಕ್ಕ ಇಳಸ್ರಿ ಸಾಹೇಬ್ರ. ನಡೀತದೇನು ನೋಡೂಣು.”

ಓಣಿಯ ಹೆಂಗಸರು ಯಾರೂ ನಗಲಿಲ್ಲ. ಅಧಿಕಾರಿ ಕಾಗದ ಮಡಚಿಟ್ಟುಕೊಂಡು ಜೀಪಿನ ಕಡೆ ನಡೆದರು. ದೂರು ಅಲ್ಲಿಗೇ ಮುಗಿಯಿತು. ಲ್ಯಾಬು ಮುಚ್ಚಲಿಲ್ಲ. ಮರುವರ್ಷ ಬೋರ್ಡಿನ ಮೇಲಿನ ಹೆಸರು ಬದಲಾಯಿತು, ಮಾಲೀಕರು ಅವರೇ. ಕ್ಲಿನಿಕ್ಕಿನ ಡಾಕ್ಟರ್ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯಲಿ ಎಂದು ನಾನು ಬಯಸಿದ್ದೂ ಇಲ್ಲ.

ದೊಡ್ಡವ್ವ ಆಮೇಲೆ ಕೆಲವು ವರ್ಷ ಬದುಕಿದಳು. ಗದ್ದೆಗೆ ಮತ್ತೆ ಇಳಿಯಲಿಲ್ಲ. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಸಸಿ ಓರೆಯಾದರೆ ಅಲ್ಲಿಂದಲೇ ಕೂಗುತ್ತಿದ್ದಳು. ರಕ್ತ ತೆಗೆಯುವವರು ನಮ್ಮ ಓಣಿಗೆ ಮತ್ತೆ ಬರತೊಡಗಿದರು, ಹೊಸ ಹೊಸ ಲ್ಯಾಬಿನವರು. ಯಾರೇ ಬರಲಿ, ಅವರ ಸ್ಕೂಟರ್ ಮೊದಲು ದೊಡ್ಡವ್ವನ ಬಾಗಿಲ ಮುಂದೆ ನಿಲ್ಲಬೇಕಿತ್ತು. ಡಬ್ಬಿ ಇಲ್ಲದವರನ್ನು ಹೆಂಗಸರೇ ತಿರುಗಿಸಿ ಕಳಿಸುತ್ತಿದ್ದರು. ಡಬ್ಬಿ ತಂದವರೂ ಅದರ ಮುಚ್ಚಳ ತೆರೆದು ಅವಳ ಮುಂದೆ ಇಡಬೇಕು. ಅವಳು ಮಣಿಕಟ್ಟಿನ ತನಕ ಒಳಗೆ ಕೈ ತೂರಿಸಿ ಸುಮ್ಮನೆ ಕೂರುತ್ತಿದ್ದಳು. ಬಂದವನು ಹೊತ್ತಾಯಿತೆಂದು ಎಷ್ಟು ಚಡಪಡಿಸಿದರೂ ಅವಸರ ಮಾಡುತ್ತಿರಲಿಲ್ಲ. ಬೆರಳು ಜೋಮು ಹಿಡಿದ ಮೇಲೆಯೇ ಕೈ ಹೊರತೆಗೆದು, ಸೆರಗಿಗೆ ಒರೆಸಿಕೊಂಡು, ಕಟ್ಟೆಯ ಮೇಲೆ ಕಾದು ಕೂತವರ ಕಡೆ ತಿರುಗಿ ಹೇಳುತ್ತಿದ್ದಳು:

“ಹೂಂ, ಈಗ ತೋಳು ಚಾಚ್ರಿ.”